ಬಾವುಟಕಟ್ಟೆಯ ಆಣೆ

ಕುಷ್ಟ ಬೀಸಿದ ದೋಣಿಯ ಹುಟ್ಟಿನ ಏಟಿಗೆ ಗುಡ್ಡನ ಎಡಗೈ ಎರಡು ಕಡೆ ಮುರಿಯಿತು. ಗುಡ್ಡನ ಅಕ್ಕ ಸೀತು ದೋಣಿಯ ಮರೆಯಲ್ಲಿ ಹಗ್ಗ ಸುತ್ತುತ್ತಿದ್ದಳು. ತಮ್ಮನ ಮೂಳೆ ಮುರಿದ ಸದ್ದು ಆಸಾಡಿ ತಿಂಗಳ ಮಳೆಗಾಲದ ಕಡಲಿನ ಆರ್ಭಟದ ನಡುವೆಯೂ ಅವಳ ಕಿವಿಗೆ ಬಿತ್ತು. ನಿಮಿಷದೊಳಗೆ ಗುಡ್ಡನ ಕಡೆಯವರು ಕುಷ್ಟನ ಬಲೆಯ ಆಳು ಸೋಮನನ್ನು ಮರಳಿಗೆ ಕೆಡವಿ, ಬಾಯಿಗೆ ಒದ್ದು, ಎದುರಿನ ನಾಲ್ಕು ಹಲ್ಲು ಉದುರಿಸಿದರು. ಸೋಮ ರಕ್ತ ಉಗುಳುತ್ತ ಮರಳಿನಲ್ಲಿ ಹಲ್ಲು ಹುಡುಕಿದ. ಸಿಕ್ಕಿದ್ದು ಎರಡೇ. ಇಷ್ಟಕ್ಕೂ ಜಗಳ ನಡೆದದ್ದು ಮೀನಿಗಲ್ಲ, ಹೆಣ್ಣಿಗಲ್ಲ, ಎಂಬತ್ತು ವರ್ಷ ಹಿಂದೆ ಯಾರೋ ಕಟ್ಟಿ ಬಿಟ್ಟುಹೋದ ಒಂದು ಸಿಮೆಂಟಿನ ಕಟ್ಟೆಗೆ.

ಆ ಕಡಲತಡಿಗೆ ಮಿಲ್ಟ್ರಿಪಡು ಅನ್ನುತ್ತಾರೆ. ಕುಂದಾಪುರ ದಾಟಿ ಬೈಂದೂರಿನ ಕಡೆ ಹೋಗುವಾಗ ಹೆದ್ದಾರಿಯಿಂದ ಎಡಕ್ಕೆ ಇಳಿದರೆ ಸಿಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಇಲ್ಲಿನ ಮನೆಗಳನ್ನು ಎಬ್ಬಿಸಿ, ಸಿಪಾಯಿಗಳನ್ನು ತಂದು, ದೋಣಿಯಿಂದ ಇಳಿದು ಗುಂಡು ಹೊಡೆಯುವುದನ್ನು ಕಲಿಸಿತಂತೆ. ಯುದ್ಧ ಮುಗಿಯಿತು, ಡೇರೆ ಕಿತ್ತರು. ಉಳಿದದ್ದು ಒಂದು ಅಗಲವಾದ ಸಿಮೆಂಟು ನೆಲ, ಮೊಣಕಾಲೆತ್ತರದ ಗೋಡೆ, ಬಾವುಟದ ಕಂಬ ನೆಟ್ಟಿದ್ದ ಕಟ್ಟೆ, ಮತ್ತೆ ಗುಂಡಿನ ದಿಬ್ಬ. ಸಿಪಾಯಿಗಳು ಗುರಿಯಿಟ್ಟು ಹೊಡೆದದ್ದೆಲ್ಲ ಆ ದಿಬ್ಬದ ಹೊಟ್ಟೆಯಲ್ಲಿತ್ತು.

ಯಾರಿಗೂ ಬೇಡವಾದ ಆ ದಿಬ್ಬ ಇಲ್ಲಿನವರಿಗೆ ಮಾತ್ರ ಬೇಕಾಯಿತು. ಇಲ್ಲಿನ ಮೀನುಗಾರಿಕೆ ಕೈರಂಪಣಿ, ಅಂದರೆ ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಲ್ಲಿ ಸುತ್ತು ಬಿಟ್ಟು, ಎರಡು ತುದಿಯ ಹಗ್ಗವನ್ನು ನಲವತ್ತು ಜನ ದಡದಲ್ಲಿ ನಿಂತು ಎಳೆಯುವ ಕೆಲಸ. ಬಲೆಯ ಅಡಿಹಗ್ಗಕ್ಕೆ ಸೀಸ ಕಟ್ಟದಿದ್ದರೆ ಅದು ತಳಕ್ಕೆ ಇಳಿಯುವುದಿಲ್ಲ, ಮೀನು ಅಡಿಯಿಂದ ನುಸುಳಿ ಹೋಗುತ್ತದೆ. ಹಾಗಾಗಿ ಅಜ್ಜಿಯರ ಕಾಲದಿಂದ ಹೆಂಗಸರು ದಿಬ್ಬ ಕೆದಕಿ ಗುಂಡು ಆರಿಸಿ, ಸಿಮೆಂಟು ನೆಲದ ಮೇಲೆ ಒಲೆ ಹೂಡಿ, ಬಾಣಲೆಯಲ್ಲಿ ಕರಗಿಸಿ, ಸೀಳಿದ ಬಿದಿರಿಗೆ ಬೂದಿ ಬಳಿದು ಅದರೊಳಗೆ ಹೊಯ್ಯುತ್ತಾರೆ. ಮುಷ್ಟಿಗಿಂತ ದೊಡ್ಡ ಗಟ್ಟಿ ಸಿಕ್ಕಿದರೆ ಬಾಣಲೆಗೆ ಹಾಕುವುದಿಲ್ಲ, ನೇರ ಕೆಂಡದೊಳಗೆ ದೂಡುತ್ತಾರೆ. ಸೀಸ ತಾನಾಗಿ ಕರಗಿ ಅಡಿಗೆ ಇಳಿಯುತ್ತದೆ. ಒಮ್ಮೆ ಹೊಡೆದು ಆದ ಗುಂಡು ಸತ್ತ ಗುಂಡು, ಅದಕ್ಕೆ ಹೆದರುವುದೇನು ಎಂಬ ಧೈರ್ಯದಲ್ಲಿ ಮೂರು ತಲೆಮಾರು ಬದುಕಿದೆ.

ಬಾವುಟಕಟ್ಟೆ ಎರಡು ಬಲೆಯವರ ನಡುವಿನ ಗಡಿ. ಕಟ್ಟೆಯಿಂದ ತೆಂಕಲು ಗುಡ್ಡನ ಬಲೆ, ಬಡಗಲು ಕುಷ್ಟನ ಬಲೆ. ಕಡಲು ಯಾರ ಎದುರು ಏನು ಬಿಚ್ಚಿ ಕೊಡುತ್ತದೋ ಅದು ಅವರದ್ದು. ದಿಬ್ಬ ಇದ್ದದ್ದು ಕಟ್ಟೆಯಿಂದ ತೆಂಕಲಿಗೆ, ಗುಡ್ಡನ ಕಡೆ. ಈ ವರ್ಷದ ಕಡಲುಕೊರೆತಕ್ಕೆ ಎಂಟು ತೆಂಗಿನಮರ ಹೋಯಿತು, ಅರ್ಧ ಸಿಮೆಂಟು ನೆಲ ಹೋಯಿತು, ಕಟ್ಟೆ ಬುಡ ಸಮೇತ ಎದ್ದು ಮೂವತ್ತು ಮಾರು ತೆಂಕಲಿಗೆ ಜಾರಿ ಅಡ್ಡಬಿತ್ತು. ಮರುದಿನ ಬೆಳಿಗ್ಗೆ ಕುಷ್ಟ ಬಂದು ಸೊಂಟಕ್ಕೆ ಕೈ ಇಟ್ಟು ನಿಂತ.

"ಕಟ್ಟೆ ಇದ್ದಲ್ಲಿ ಗಡಿ ಅಂದ್ಹೇಳಿ ಹಿರಿಯರ್ ಹೇಳಿದ್ದ್. ಈಗ ಕಟ್ಟೆ ಎಲ್ಲ್ ಇತ್ತ್ ಕಾಣಿ. ದಿಬ್ಬ ನಮ್ ಬದಿಗ್ ಬಂತ್."

"ಕಟ್ಟೆಗೆ ಕಾಲ್ ಬಂದಿತ್ತಾ ಕುಷ್ಟಾ? ನಾಳೆ ಅದ್ ನನ್ ಮನಿ ಬಾಗ್ಲಿಗ್ ಬಂದ್ರೆ ಮನಿಯೂ ನಿಂದಾ?" ಎಂದ ಗುಡ್ಡ. ಮಾತು ಅಲ್ಲಿಗೇ ನಿಂತು, ಹುಟ್ಟು ಮೇಲೆದ್ದಿತು.

ಪೊಲೀಸರ ತನಕ ಹೋಗಬಾರದೆಂದು ಹಿರಿಯರು ಎರಡೂ ಕಡೆಯವರನ್ನು ಕಡಲಿನ ದೈವ ಬೊಬ್ಬರ್ಯನ ಗುಡಿಗೆ ಕರೆದೊಯ್ದರು. ಇಲ್ಲಿ ಮನೆ ನಡೆಯುವುದು ಹೆಂಗಸಿನ ಬಳಿಯಲ್ಲಿ, ಅಂದರೆ ತಾಯಿಯ ಕುಲದಲ್ಲಿ, ಸೋದರಮಾವನ ನಂತರ ಅಳಿಯನೇ ಬಲೆಗೆ ಒಡೆಯ. ಹಾಗಾಗಿ ಆಣೆಗೆ ನಿಲ್ಲಬೇಕಾದವರು ಗಂಡಸರಲ್ಲ, ಮನೆಯ ಹಿರಿ ಹೆಂಗಸು. ಗುಡ್ಡನ ಕಡೆಯಿಂದ ಸೀತು ನಿಂತಳು, ಕುಷ್ಟನ ಕಡೆಯಿಂದ ಅವನ ತಂಗಿ ಸುಗುಣ. ಸೀತು ತನ್ನ ಒಬ್ಬನೇ ಮಗ ವಿಶಾಲನ ತಲೆಯ ಮೇಲೆ ಕೈ ಇಟ್ಟಳು, ಸುಗುಣ ಮಗಳು ದಿವ್ಯಾಳ ತಲೆಯ ಮೇಲೆ. ತಪ್ಪು ಯಾರದೆಂದು ದೀಪಾವಳಿಯೊಳಗೆ ಬೊಬ್ಬರ್ಯ ತೋರಿಸುತ್ತಾನೆ, ಅಲ್ಲಿಯವರೆಗೆ ಎರಡು ಮನೆಗೆ ಮಾತಿಲ್ಲ, ನೀರಿಲ್ಲ, ಬೆಂಕಿಯಿಲ್ಲ. ಮೀರಿದವರ ಕೈ ಯಾವ ತಲೆಯ ಮೇಲಿತ್ತೋ ಆ ತಲೆ ದೈವಕ್ಕೆ.

ದೈವ ಮೈಮೇಲೆ ಬರುವ ಪಾತ್ರಿ ಅನುಭವಸ್ಥ. ಹಿಂದೊಮ್ಮೆ ಇಂಥ ಆಣೆ ಇಟ್ಟಾಗ ಇದೇ ಊರಿನ ಹೆಂಗಸರು ಕಾಗೆಗೆ ಹೇಳಿದ ಹಾಗೆ, ಕಂಬಕ್ಕೆ ಹೇಳಿದ ಹಾಗೆ ಒಬ್ಬರಿಗೊಬ್ಬರು ಮೂರು ವರ್ಷ ಬೈದುಕೊಂಡಿದ್ದರು. ಆದ್ದರಿಂದ ಈ ಸಲ ಅವನು ಎಲ್ಲ ಕಿಂಡಿಗೂ ಬೆಣೆ ಹೊಡೆದ. ಕಾಗೆಗೆ ಹೇಳುವಂತಿಲ್ಲ, ಕಂಬಕ್ಕೆ ಹೇಳುವಂತಿಲ್ಲ, ಕೈಸನ್ನೆ ಮಾಡುವಂತಿಲ್ಲ, ಮೂರನೆಯವರ ಬಾಯಲ್ಲಿ ಹೇಳಿ ಕಳಿಸುವಂತಿಲ್ಲ. ಹೊಡೆಯಬಾರದು ಎಂದು ಮಾತ್ರ ಹೇಳಲಿಲ್ಲ. ಹೊಡೆದಾಟ ನಿಲ್ಲಿಸುವ ಆಣೆಯನ್ನು ನಮ್ಮ ಕಡೆ ಯಾರೂ ಇಡಿಸುವುದಿಲ್ಲ.

ಸೀತು ಮತ್ತು ಸುಗುಣ ಒಂದೇ ಸೌಟಿನಲ್ಲಿ ಸೀಸ ಹೊಯ್ದು ಬೆಳೆದವರು. ದಿವ್ಯಾ ಹುಟ್ಟಿದಾಗ ಸುಗುಣ ಜ್ವರ ಬಂದು ಎಚ್ಚರ ತಪ್ಪಿ ಮಲಗಿದ್ದಳು. ಆಗ ಎರಡು ತಿಂಗಳು ಸೀತು ಒಂದು ತೊಡೆಯ ಮೇಲೆ ವಿಶಾಲನನ್ನೂ ಇನ್ನೊಂದು ತೊಡೆಯ ಮೇಲೆ ಆ ಕೂಸನ್ನೂ ಹಾಕಿಕೊಂಡು ಮೊಲೆ ಕೊಟ್ಟಿದ್ದಳು. ಈಗ ಇಬ್ಬರೂ ಉಳಿದ ಸಿಮೆಂಟು ನೆಲದ ಎರಡು ತುದಿಯಲ್ಲಿ ಬೆನ್ನು ತಿರುಗಿಸಿ ಒಲೆ ಹೂಡಿದರು. ನಡುವೆ ಮೂವತ್ತು ಹೆಜ್ಜೆ, ಸುಗುಣಳ ಒಲೆಯ ಹತ್ತಿರದಲ್ಲೇ ಅಡ್ಡಬಿದ್ದ ಕಟ್ಟೆ. ಗುಡ್ಡನ ಕೈ ಪ್ಲಾಸ್ಟರಿನಲ್ಲಿ ಕಂಡಾಗಲೆಲ್ಲ ಸೀತುವಿಗೆ ಕುಷ್ಟನ ಮನೆಯ ಚಾವಣಿಗೇ ಬೆಂಕಿ ಇಡಬೇಕು ಅನ್ನಿಸುತ್ತಿತ್ತು.

ಆಸಾಡಿ ಮುಗಿದು ಬಂದ ಸೋಣೆ ತಿಂಗಳ ಒಂದು ದಿನ ಸೀತು ಬೆಳ್ಳಂಬೆಳಗ್ಗೆ ದಡಕ್ಕೆ ಬಂದಳು. ಹಿಂದಿನ ದಿನದ ಅಲೆಗೆ ದಿಬ್ಬ ಪೂರ್ತಿ ತೊಳೆದುಹೋಗಿ, ಅದರ ಹಿಂದಿನ ನೆಲ ಗೋಡೆ ಕಡಿದ ಹಾಗೆ ನಿಂತಿತ್ತು. ಆ ಕಡಿತದಲ್ಲಿ ಕೊಳೆತ ಮರದ ಪೆಟ್ಟಿಗೆಯ ಹಲಗೆ ಕಂಡಿತು. ಹಲಗೆಯ ಸಂದಿನಿಂದ ಮರಳು ಕಚ್ಚಿದ, ತುಕ್ಕು ಹಿಡಿದ, ದೊಡ್ಡ ಗುಳ್ಳಬದನೆಯಷ್ಟು ದಪ್ಪದ ಗಟ್ಟಿಗಳು ಇಣುಕುತ್ತಿದ್ದವು. ಒಂದರ ಮೂತಿಯಲ್ಲಿ ಹಿತ್ತಾಳೆ ಹೊಳೆಯಿತು.

ಸೀತು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಅಜ್ಜಿಯ ಅಣ್ಣ ಬಚ್ಚಜ್ಜ ಸಿಪಾಯಿಗಳ ಶಿಬಿರದಲ್ಲಿ ಕೂಲಿ ಮಾಡಿದವನು. ಸಾಯುವ ತನಕ ಅವನು ಒಂದು ಮಾತು ಬಿಟ್ಟಿರಲಿಲ್ಲ. ದಿಬ್ಬದ ಎದುರಿನದ್ದು ಹೊಡೆದ ಗುಂಡು, ಅದನ್ನು ಸಾರು ಮಾಡಿ ಕುಡಿದರೂ ಏನೂ ಆಗದು. ದಿಬ್ಬದ ಹಿಂದೆ ನಾವು ಗುಂಡಿ ತೋಡಿ ಹುಗಿದದ್ದು ಹೊಡೆಯದ್ದು, ಬದನೆಕಾಯಿಯ ಹಾಗಿದ್ದು ಮೂತಿಗೆ ಹಿತ್ತಾಳೆ ಇದ್ದದ್ದು. ಅದಕ್ಕೆ ಬೆಂಕಿ ತೋರಿಸಬೇಡಿ. ಅಜ್ಜ ಹೇಳಿದ್ದು ತನ್ನ ಮನೆಯ ಮಕ್ಕಳಿಗೆ. ಸುಗುಣಳ ಮನೆಗೆ ಆ ಮಾತು ಹೋಗಿರಲಿಲ್ಲ.

ಅವಳು ಓಡಿ ಬಂದು ಜಗಲಿಯಲ್ಲಿದ್ದ ಗುಡ್ಡನಿಗೆ ಹೇಳಿದಳು.

"ಎಲ್ಲ್ ಕಂಡದ್ದ್?" ಎಂದ ಗುಡ್ಡ.

"ಕಟ್ಟೆಯಿಂದ ಆಚಿಗೆ. ಈಗ ಅವ್ರ್ ಹೇಳಿದ್ ಗಡಿ ಒಳಗೆ."

"ಹಂಗಾರೆ ಅವ್ರ್ ಬದಿಗ್ ಬಿದ್ದದ್ದ್. ತಕಂಡ್ ಸಾಯ್ಲಿ."

"ಪೊಲೀಸ್ರಿಗಾರೂ ಹೇಳ್ವನಾ ಗುಡ್ಡಾ?"

"ಪೊಲೀಸ್ರ್ ಬಂದ್ ಎಂತ ಮಾಡ್ತ್ರ್? ಕುಷ್ಟನ ಹತ್ರ ಹೋಯ್ ಹೇಳ್ತ್ರ್. ಅದ್ ಮೂರನೇ ಬಾಯಿ ಆಯ್ತಲ್ದಾ ಅಕ್ಕಾ? ವಿಶಾಲನ ತಲೆ ಮೇಲೆ ಕೈ ಇಟ್ಟದ್ ನೀನ್. ನಾನಲ್ಲ." ಪ್ಲಾಸ್ಟರಿನ ಕೈಯನ್ನು ಅವಳ ಮುಖದೆದುರು ಹಿಡಿದ. "ಇದನ್ ಮುರ್ದವ್ರಿಗೆ ಬುದ್ಧಿ ಹೇಳುಕ್ ಹೋಯ್ಕಾ ನಾನು?"

ಸೀತು ಜಗಲಿಯಿಂದ ಇಳಿದಳು. ನಿಜ ಹೇಳಬೇಕೆಂದರೆ ಅವಳೊಳಗೂ ಒಂದು ಮೂಲೆ ಗುಡ್ಡನ ಮಾತಿಗೆ ತಲೆಯಾಡಿಸಿತು. ಅವರ ಕಣ್ಣಿಗೇ ಬೀಳಲಿಕ್ಕಿಲ್ಲ, ಸಂಜೆಯ ಅಲೆ ಎಲ್ಲವನ್ನೂ ಎಳೆದುಕೊಂಡು ಹೋದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಒಲೆಯ ಹತ್ತಿರ ಹೋಗಿ ಕೂತಳು.

ಮಧ್ಯಾಹ್ನ ಬಿಸಿಲು ಬಿತ್ತು. ಬಲೆಯ ಜನ ಗಂಜಿಗೆ ಮನೆಗೆ ಹೋದರು. ದಡದಲ್ಲಿ ಉಳಿದವರು ಐದೇ ಜನ. ತೆಂಕಲ ತುದಿಯಲ್ಲಿ ಸೀತು. ಅವಳಿಂದ ಆಚೆ ಗೋಡೆಗೆ ಒರಗಿ ಬಲೆ ಹೊಲಿಯುತ್ತ ವಿಶಾಲ. ಬಡಗಲ ತುದಿಯಲ್ಲಿ ಸುಗುಣ ಮತ್ತು ದಿವ್ಯಾ. ಅವರಿಂದ ಕೆಳಗೆ ದೋಣಿಯ ಬುಡದಲ್ಲಿ ಕುಷ್ಟ. ಸೀತು ಸೌಟಿನಿಂದ ಸೀಸದ ಕಿಟ್ಟ ತೆಗೆಯುತ್ತ ಯಾಕೋ ತಲೆಯೆತ್ತಿದಳು.

ಸುಗುಣ ಬುಟ್ಟಿಯಿಂದ ಒಂದು ಗಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ, ಭಾರ ನೋಡಿ, ಖುಷಿಯಿಂದ ಮಗಳಿಗೆ ತೋರಿಸಿದಳು. ಗುಳ್ಳಬದನೆಯಷ್ಟು ದಪ್ಪ. ಮೂತಿ ಬಿಸಿಲಿಗೆ ಮಿಂಚಿತು. ಕೆಂಡ ಸರಿಸಿ ಅದನ್ನು ಒಲೆಯ ಹೊಟ್ಟೆಗೆ ದೂಡಿ, ಮೇಲೆ ತೆಂಗಿನ ಗೆರಟೆ ಸುರಿದಳು. ದಿವ್ಯಾ ಮಂಡಿಯೂರಿ ಕಬ್ಬಿಣದ ಊದುಗೊಳವೆ ಬಾಯಿಗಿಟ್ಟು ಊದತೊಡಗಿದಳು. ಅವಳ ಮುಖಕ್ಕೂ ಕೆಂಡಕ್ಕೂ ಒಂದು ಮೊಳ.

ಬಾಯಿ ತೆರೆದೇಬಿಟ್ಟಿದ್ದಳು ಸೀತು. ಸುಗುಣಾ ಎಂಬ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಗನ ತಲೆಯ ಬಿಸಿ ಅವಳ ಅಂಗೈಗೆ ನೆನಪಾಯಿತು. ಹಲ್ಲು ಕಚ್ಚಿಕೊಂಡಳು. ಪಕ್ಕದಲ್ಲಿ ಬಕೆಟ್ಟು ನೀರಿತ್ತು. ಆದರೆ ಸುಗುಣಳ ಒಲೆಯ ಮೇಲೆ ಬಾಣಲೆ ತುಂಬ ಕರಗಿದ ಸೀಸ ಇತ್ತು. ಅದಕ್ಕೆ ನೀರು ಬಿದ್ದರೆ ಸಿಡಿದು ಆ ಹುಡುಗಿಯ ಮುಖವೇ ಹೋಗುತ್ತದೆ ಎಂಬುದು ಸೀಸ ಕರಗಿಸುವ ಯಾರಿಗೂ ಗೊತ್ತು. ಮಾತಿಲ್ಲ, ಸನ್ನೆಯಿಲ್ಲ, ನೀರಿಲ್ಲ. ಉಳಿದದ್ದು ಕೈ ಎರಡೇ.

ಸೀತು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಓಡಿದಳು. ಐವತ್ತೆಂಟು ವರ್ಷದ ಹೆಂಗಸು ಆ ಮೂವತ್ತು ಹೆಜ್ಜೆಯನ್ನು ಹೇಗೆ ದಾಟಿದಳೋ ದೇವರೇ ಬಲ್ಲ. ದಿವ್ಯಾಳ ಜಡೆಗೆ ಕೈ ಹಾಕಿ, ಹಿಂದಕ್ಕೆ ಎಳೆದು, ಕಟ್ಟೆಯ ಕಡೆಗೆ ಬೀಸಿ ಎಸೆದಳು. ಹುಡುಗಿ ಮೊಣಕೈ ಕೆತ್ತಿಕೊಂಡು ಸಿಮೆಂಟಿನ ಮೇಲೆ ಉರುಳಿ, ಎದ್ದು ಮತ್ತೆ ಒಲೆಯ ಕಡೆಗೇ ಬಂದಳು. ಸೀತು ಅವಳ ಹೊಟ್ಟೆಗೆ ಕಾಲಿನಿಂದ ಒದ್ದಳು. ತಾನೇ ಮೊಲೆ ಕೊಟ್ಟ ಕೂಸು ಕಟ್ಟೆಯ ಆಚೆ ಬಿದ್ದು ಉಸಿರು ಸಿಕ್ಕದೆ ಒದ್ದಾಡಿತು.

"ನನ್ ಮಗಳ್ನ ಕೊಲ್ತಿತ್ತ್ ಇದ್! ಅಣ್ಣಾ, ಓಡಿ ಬಾ! ಕೊಲ್ತಿತ್ತ್!" ಎಂದು ಸುಗುಣ ಕಿರುಚಿದಳು. ಕೂಗಿದ್ದು ಅಣ್ಣನಿಗೆ, ಸೀತುವಿಗೆ ಅಲ್ಲ. ಆ ಗಳಿಗೆಯಲ್ಲೂ ಅವಳಿಗೆ ಆಣೆಯ ಎಚ್ಚರ ತಪ್ಪಿರಲಿಲ್ಲ. ಬಾಣಲೆಯಲ್ಲಿದ್ದ ಸೌಟನ್ನು ಎತ್ತಿ ಸೀತುವಿನ ಕೆನ್ನೆಗೆ ಬಾರಿಸಿದಳು. ಸೌಟಿಗೆ ಅಂಟಿದ್ದ ಸೀಸ ಕಿವಿಯಿಂದ ಕುತ್ತಿಗೆಯವರೆಗೆ ಚರ್ಮ ಸುಲಿದುಕೊಂಡು ಇಳಿಯಿತು. ಸುಟ್ಟ ಮಾಂಸದ ವಾಸನೆ ಸೀತುವಿನ ಮೂಗಿಗೇ ಬಡಿಯಿತು. ಅವಳು ಕೂಗಲಿಲ್ಲ. ಸುಗುಣಳ ಮುಡಿಯನ್ನು ಎರಡು ಕೈಯಲ್ಲೂ ಹಿಡಿದು, ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಕಟ್ಟೆಯ ಮರೆಗೆ ಎಳೆದಳು. ಸುಗುಣ ಅವಳ ತೊಡೆಗೆ ಹಲ್ಲು ಊರಿದಳು. ಸೀತು ಬಿಡಲಿಲ್ಲ.

ಕಟ್ಟೆಯ ಹಿಂದೆ ಸುಗುಣಳನ್ನು ಕೆಡವಿ, ಏಳದ ಹಾಗೆ ಅವಳ ಎದೆಯ ಮೇಲೆ ಕೂತಾಗಲೇ ಬೆನ್ನಿಗೆ ಕುಷ್ಟನ ಹುಟ್ಟು ಬಿತ್ತು. ತಮ್ಮನ ಕೈ ಮುರಿದ ಅದೇ ಹುಟ್ಟು. ಎರಡನೇ ಏಟು ಹೆಗಲಿಗೆ. ಮೂರನೆಯದಕ್ಕೆ ಪಕ್ಕೆಯೊಳಗೆ ಏನೋ ಲಟಕ್ಕೆಂದಿತು. ಬಾಯಿಗೆ ಉಪ್ಪು ಬಂತು. ಹೊಡೆ, ಇನ್ನೂ ಹೊಡೆ, ಇಲ್ಲೇ ನಿಂತು ಹೊಡೆ, ಒಲೆಯ ಹತ್ತಿರ ಮಾತ್ರ ಹೋಗಬೇಡ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಎಲ್ಲರನ್ನೂ ಕಟ್ಟೆಯ ಮರೆಗೆ ತಂದಾಗಿತ್ತು. ಇನ್ನು ಸಿಡಿದರೆ ಸಿಡಿಯಲಿ.

ಆಗ ಅವಳ ಕಣ್ಣಿಗೆ ವಿಶಾಲ ಬಿದ್ದ.

ಇಪ್ಪತ್ತೆಂಟು ವರ್ಷದ ಗಂಡು ತನ್ನ ತಾಯಿಗೆ ಕುಷ್ಟ ಹುಟ್ಟಿನಲ್ಲಿ ಹೊಡೆಯುವುದನ್ನು ನೋಡಿ ಬಲೆ ಹೊಲಿಯುತ್ತ ಕೂರುತ್ತಾನೆಯೇ? ಬಲೆ ಎಸೆದು, ಬರಿಗಾಲಲ್ಲಿ, ಹಲ್ಲು ಕಡಿಯುತ್ತ ಓಡಿಬರುತ್ತಿದ್ದ. ಕಟ್ಟೆಯನ್ನು ಸುತ್ತಿ ಕುಷ್ಟನ ಹಿಂದಿನಿಂದ ಬರುವ ಅಂದಾಜು ಅವನದು. ಆ ದಾರಿ ಒಲೆಯ ಪಕ್ಕದಲ್ಲೇ ಹೋಗುತ್ತಿತ್ತು.

ಮಗನ ಹತ್ತಿರ ಮಾತಾಡಲು ಯಾವ ಆಣೆಯೂ ಇರಲಿಲ್ಲ. "ಬರ್ಬೇಡ ಮಗಾ! ಬರ್ಬೇಡ!" ಎಂದು ಸೀತು ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು. ಏಟು ತಿನ್ನುವ ತಾಯಿ ಬರಬೇಡ ಎಂದರೆ ನಿಲ್ಲುವ ಮಗ ಯಾವನಿದ್ದಾನೆ? ಅವನು ಇನ್ನೂ ಜೋರು ಓಡಿದ. ಒಲೆಯಲ್ಲಿ ಬಾಂಬಿದೆ ಎಂಬ ಮಾತು ಅವಳ ಗಂಟಲಲ್ಲಿತ್ತು. ಆ ಮಾತು ಹೊರಬಿದ್ದರೆ ಕೇಳುವುದು ವಿಶಾಲ ಒಬ್ಬನೇ ಅಲ್ಲ. ಅಡಿಯಲ್ಲಿ ಸುಗುಣ ಕೇಳುತ್ತಾಳೆ, ತಲೆಯ ಮೇಲೆ ಕುಷ್ಟ ಕೇಳುತ್ತಾನೆ. ಕಾಗೆಗೆ ಹೇಳಿದ ಹಾಗೆ, ಕಂಬಕ್ಕೆ ಹೇಳಿದ ಹಾಗೆ ಹೇಳುವಂತಿಲ್ಲ ಎಂದಿದ್ದ ಪಾತ್ರಿ. ಮಗನಿಗೆ ಹೇಳಿದ ಹಾಗೆ ಹೇಳಿದರೂ ಅದೇ ಅಲ್ಲವೇ? ಹೇಳಿದರೆ ಅವನ ತಲೆ ದೈವಕ್ಕೆ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಅವಳು ಆ ಮಾತನ್ನು ನುಂಗಿಕೊಂಡಳು. ಅಷ್ಟೇ ಹೊತ್ತು.

ನೆಲ ಕುಪ್ಪಳಿಸಿತು. ಸದ್ದು ಕೇಳಿದ ನೆನಪು ಯಾರಿಗೂ ಇಲ್ಲ, ಎದೆಗೆ ಗುದ್ದಿದ ನೆನಪು ಮಾತ್ರ. ಸಿಮೆಂಟಿನ ಚೂರು, ಕೆಂಡ, ಕರಗಿದ ಸೀಸ, ಬಾಣಲೆಯ ತುಂಡು ಎಲ್ಲ ಒಟ್ಟಿಗೇ ಕಟ್ಟೆಗೆ ಬಡಿದು ಮೇಲಿಂದ ಸುರಿಯಿತು. ಕಟ್ಟೆಗಿಂತ ಎತ್ತರಕ್ಕೆ ನಿಂತಿದ್ದವನು ಕುಷ್ಟ ಒಬ್ಬನೇ. ಅವನ ಬಲಗಣ್ಣು ಹೋಯಿತು. ಎತ್ತಿ ಹಿಡಿದ ಹುಟ್ಟು ತುಂಡಾಗಿ, ಹಿಡಿಯ ಜೊತೆ ಮೂರು ಬೆರಳೂ ಹಾರಿಹೋದವು. ಅವನು ಮುಖ ಮುಚ್ಚಿಕೊಂಡು ಮರಳಿನಲ್ಲಿ ಹೊರಳಾಡಿದ.

ಸೀತು ಸುಗುಣಳ ಮೇಲಿಂದ ಎದ್ದು, ಮುರಿದ ಪಕ್ಕೆ ಹಿಡಿದುಕೊಂಡು ಕಟ್ಟೆ ಸುತ್ತಿ ಹೋದಳು. ಒಲೆ ಇದ್ದಲ್ಲಿ ಹೊಂಡ. ಅದರಿಂದ ನಾಲ್ಕು ಮಾರು ಆಚೆ ವಿಶಾಲ ಕವುಚಿ ಬಿದ್ದಿದ್ದ. ಒಂದು ಕಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಹೊಟ್ಟೆಯ ಬದಿ ತೆರೆದಿತ್ತು. ಮುಖಕ್ಕೆ ಮಾತ್ರ ಏನೂ ಆಗಿರಲಿಲ್ಲ. ಅವಳು ಅವನನ್ನು ಮಗುಚಿ ತೊಡೆಯ ಮೇಲೆ ಎಳೆದುಕೊಂಡು, ಹೊರಬಂದದ್ದನ್ನು ಕೈಯಿಂದ ಒಳಗೆ ಒತ್ತಿ ಹಿಡಿದಳು.

"ಅಬ್ಬೀ, ನಿಂಗ್ ಎಂತಕ್ ಹೊಡುದ್ ಅವ್ರ್?" ಎಂದ ವಿಶಾಲ. ಉತ್ತರ ಕೇಳಲು ಅವನಿರಲಿಲ್ಲ.

ಕುಂದಾಪುರದಿಂದ ಆಂಬುಲೆನ್ಸ್ ಬಂತು, ಪೊಲೀಸರು ಬಂದರು, ಮೂರನೇ ದಿನ ಮರಳುಚೀಲ ಹೇರಿಕೊಂಡು ಮಿಲ್ಟ್ರಿಯವರೂ ಬಂದರು. ಎಂಬತ್ತು ವರ್ಷದ ಮೇಲೆ ಮಿಲ್ಟ್ರಿಪಡುವಿಗೆ ಮಿಲ್ಟ್ರಿ. ಕಡಿತದಿಂದ ಇನ್ನೂ ನಲವತ್ತೊಂದು ಬಾಂಬು ತೆಗೆದು, ದೂರ ಒಯ್ದು ಸಿಡಿಸಿದರು. ಬೊಬ್ಬರ್ಯ ತೀರ್ಪು ಕೊಟ್ಟಾಯಿತು, ತಪ್ಪು ಗುಡ್ಡನ ಕಡೆಯದ್ದೇ ಎಂದು ಕುಷ್ಟನ ಬಲೆಯವನೊಬ್ಬ ಅಂದ. ಅವನ ಬಾಯಿಗೆ ಹೊಡೆದದ್ದು ಅದೇ ಬಲೆಯ ಸೋಮ, ಹಲ್ಲಿಲ್ಲದ ಸೋಮ. ಮಿಲ್ಟ್ರಿಯ ಒಬ್ಬ ಸಾಹೇಬ ಒಲೆಯ ಹೊಂಡ, ಕಟ್ಟೆ, ರಕ್ತದ ಗುರುತು ಎಲ್ಲ ಅಳೆದು ನೋಡಿ, ಆ ಹೆಂಗಸು ಎಳೆದು ತಂದಿರದಿದ್ದರೆ ತಾಯಿ ಮಗಳು ಇಬ್ಬರೂ ಚೂರು ಚೂರಾಗುತ್ತಿದ್ದರು ಎಂದ. ಆಮೇಲೆ ಊರಿಗೆ ಅರ್ಥವಾಯಿತು. ಗುಡ್ಡ ಅಂದಿನಿಂದ ಗಂಜಿಗೆ ಕೂತವನು ಅರ್ಧಕ್ಕೇ ಎದ್ದು ಹೋಗುತ್ತಾನೆ.

ಆಸ್ಪತ್ರೆಯಿಂದ ಸೀತು ಮನೆಗೆ ಬಂದ ಮರುದಿನ ಬೆಳಿಗ್ಗೆ ಸುಗುಣ ಅಂಗಳದ ತುದಿಯಲ್ಲಿ ಬಂದು ನಿಂತಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಪಕ್ಕದಲ್ಲಿ ದಿವ್ಯಾ. ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತು, ಒಂದು ಮಾತೂ ಆಡದೆ ಹೋದರು. ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. ಎರಡನೇ ದಿನವೂ ಬಂದು ನಿಂತರು. ಸೀತು ಜಗಲಿಯಲ್ಲಿ ಗೋಡೆಗೆ ಒರಗಿ, ಸುಟ್ಟ ಕೆನ್ನೆಗೆ ಎಣ್ಣೆ ಹಚ್ಚಿಕೊಂಡು ನೋಡುತ್ತಿದ್ದಳು.

ಮೂರನೇ ದಿನ ಮಳೆ ಹೊಯ್ಯಿತು. ತಾಯಿ ಮಗಳು ಕೊಡೆಯಿಲ್ಲದೆ ನೆನೆಯುತ್ತ ನಿಂತರು. ಸುಗುಣ ತಡೆಯಲಾರದೆ ಸೆರಗು ತೆಗೆದು ಬಾಯಿ ತೆರೆದಳು. ಸೀತು ಕೈ ಎತ್ತಿ ಅವಳನ್ನು ತಡೆದಳು.

"ನೀನ್ ಮಾತಾಡ್ಬೇಡ ಸುಗುಣಾ. ನೀನ್ ಕೈ ಇಟ್ಟದ್ ತಲೆ ಇನ್ನೂ ಜೀವ್ದಲ್ ಇತ್ತ್," ಎಂದಳು. "ನಾನ್ ಮಾತಾಡ್ಲಕ್ಕ್. ಒಳಗ್ ಬಾ."